ಮಡಚದೆ ಉಳಿದ ಕಂಬಳಿ

ನಮ್ಮ ಮನೆಯ ಬಾಗಿಲಲ್ಲಿ ನಿನ್ನೆಯ ತನಕ ಒಂದು ಕಂಬಳಿ ಬಿದ್ದಿತ್ತು. ಬಿದ್ದಿತ್ತು ಎಂದೇ ಬರೆಯುತ್ತೇನೆ. ಹಾಸಿತ್ತು ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ. ಮೊಮ್ಮಗನ ಹೆಂಡತಿ ಬೀದರಿನ ಯಾವುದೋ ಪ್ರದರ್ಶನದಲ್ಲಿ ಕೊಂಡು ತಂದಳು. ಕರಿ ಉಣ್ಣೆಯದು, ಕೈಮಗ್ಗದ್ದೇ. ಒಳ್ಳೆಯ ಕಂಬಳಿಯನ್ನು ತುಂಡು ಮಾಡಿ, ಅಂಚಿಗೆ ಕೆಂಪು ಬಟ್ಟೆ ಹೊಲಿದು, ಕಾಲೊರೆಸು ಎಂದು ಮಾರುತ್ತಾರಂತೆ. ಬೀದರಿನ ಹತ್ತಿರದ ಕೊಳಾರದ ಗೋದಾಮಿನಲ್ಲಿ ಕೆಲಸಕ್ಕಿರುವ ಮೊಮ್ಮಗ ಮೊನ್ನೆ ಮಳೆಯಲ್ಲಿ ನೆನೆದು ಬಂದವನೇ ಅದರ ಮೇಲೆ ಎರಡೂ ಪಾದ ತಿಕ್ಕಿದ. ಒದ್ದೆ ಉಣ್ಣೆಯ ವಾಸನೆ, ಅದರ ಹಿಂದೆಯೇ ಹುಣಸೆ ಬೀಜದ ಗಂಜಿಯ ವಾಸನೆ, ಎರಡೂ ಕೂಡಿ ಎದ್ದು ಬಂದವು. ನಾನು ಊಟಕ್ಕೆ ಕೂತಿದ್ದೆ. ಎತ್ತಿದ ತುತ್ತನ್ನು ತಟ್ಟೆಯಲ್ಲೇ ಇಟ್ಟು ನೀರಿನ ಲೋಟಕ್ಕೆ ಕೈ ಚಾಚಿದೆ.

"ಯಾಕ ಆಯಿ, ಖಾರ ಹತ್ತಿತೇನ?" ಎಂದ. ಹೌದಪ್ಪಾ, ಭಾಳ ಖಾರ ಆಗ್ಯದ ಎಂದೆ. ಇನ್ನೇನು ಹೇಳಲಿ? ಅವನಿಗೆ ಹೇಳಬೇಕೆಂದರೆ ನಿಜಾಮನ ಕಾಲದಿಂದ ಶುರು ಮಾಡಬೇಕು. ಅಷ್ಟು ಹೊತ್ತು ಅವನು ಫೋನು ಕೆಳಗಿಡುವವನಲ್ಲ.

ಔರಾದಿನಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿಕೊಂಡು ಇದ್ದವನು ಕಂಬಳಿ ನೇಯುವ ಕಾಕಾ. ರಕ್ತಸಂಬಂಧವೇನೂ ಇಲ್ಲ. ಅವರು ಕುರಿ, ಮಗ್ಗ ಎರಡೂ ಇದ್ದ ಕುರುಬರು, ನಾವು ಲಿಂಗವಂತರು. ಅಪ್ಪ ಸಾಲಿ ಮಾಸ್ತರ. ಆದರೂ ನನಗೆ ಹಲ್ಲು ಬರುವ ಮೊದಲೇ ಅವನು ಕಾಕಾ ಆಗಿದ್ದ. ಮೊಣಕಾಲು ಮಟ್ಟದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಮಗ್ಗದ ಮುಂದೆ ಕೂತರೆ ಹೊತ್ತು ಮುಳುಗುವ ತನಕ ಏಳುತ್ತಿರಲಿಲ್ಲ. ಕಾಕಿ ನೂಲು ತೆಗೆಯುವಳು. ಬೆಳಿಗ್ಗೆ ಓಣಿಯ ಉದ್ದಕ್ಕೂ ನೂಲು ಬಿಗಿದು ಕಟ್ಟಿ, ಹುಣಸೆ ಬೀಜ ಅರೆದು ಕಾಯಿಸಿದ ಗಂಜಿ ಬಳಿಯುವರು. ನಾವು ಸಾಲಿಗೆ ಹೋಗುವಾಗ ಬಗ್ಗಿ ನೂಲಿನ ಅಡಿಯಿಂದ ನುಸುಳಬೇಕಿತ್ತು. ತಲೆ ತಾಗಿಸಿದರೆ ಕಾಕಿಯ ಬೈಗುಳ ಓಣಿಯ ಕೊನೆಯ ತನಕ ಬೆನ್ನಟ್ಟಿ ಬರುತ್ತಿತ್ತು.

ಎದುರು ಮನೆ ಬೂಬುವಿನದು. ಅವಳು, ಅವಳ ಗಂಡ ಅರಳೆ ಹಿಂಜಿ ಗಾದಿ, ರಜಾಯಿ ಮಾಡುವ ಮುಸಲ್ಮಾನ ಪಿಂಜಾರರು. ಈ ಕಡೆಯಿಂದ ಮಗ್ಗದ ಸಪ್ಪಳ, ಆ ಕಡೆಯಿಂದ ಹಿಂಜುವ ಬಿಲ್ಲಿನ ಟಂಯ್ ಟಂಯ್. ನನ್ನ ಬಾಲ್ಯ ಎಂದರೆ ಇವೆರಡೇ ಸಪ್ಪಳ.

ಇನ್ನೊಬ್ಬನಿದ್ದಾನೆ. ಅವನ ಹೆಸರು ನಾನು ಬರೆಯುವುದಿಲ್ಲ. ಊರಿನ ಚೌಕದಲ್ಲಿ ಕಲ್ಲಿನ ಮೇಲೆ ಕೆತ್ತಿಟ್ಟಿದ್ದಾರೆ, ಅಷ್ಟು ಸಾಕು, ನನ್ನ ಶಾಯಿ ಬೇರೆ ಯಾಕೆ ದಂಡ. ಜನ ಅವನನ್ನು ವಕೀಲಸಾಬ ಎನ್ನುತ್ತಿದ್ದರು. ಹೈದರಾಬಾದಿನಲ್ಲಿ ಓದಿ ಬಂದವನು. ತಲೆಯ ಮೇಲೆ ಬಿಳಿ ಗಾಂಧಿ ಟೋಪಿ, ಬಾಯಲ್ಲಿ ಮೂರು ಭಾಷೆ. ಸುಳ್ಳು ಹೇಳಬಾರದು, ಆ ದಿನಗಳಲ್ಲಿ ಅವನು ಮಾಡಿದ್ದನ್ನು ಬೇರೆ ಯಾರೂ ಮಾಡಿರಲಿಲ್ಲ. ಔರಾದಿನ ಚಹಾದ ಹೋಟೆಲಿನಲ್ಲಿ ಕೆಳಗಿನ ಕೇರಿಯವರಿಗೆಂದು ಬೇರೆ ಇಟ್ಟಿದ್ದ ಕಪ್ಪುಬಸಿಗಳನ್ನು ಬೀದಿಗೆ ಎಸೆದು ಒಡೆದ. ಉಳುವವನಿಗೇ ಹೊಲ ಎಂದು ಜಮೀನ್ದಾರ ದೇಶಮುಖರ ವಾಡೆಯ ಮುಂದೆಯೇ ನಿಂತು ಕೂಗಿದ. ಹೆಣ್ಣುಮಕ್ಕಳಿಗೆ ಸಾಲಿ ಕಟ್ಟಿಸುತ್ತೇನೆ ಎಂದ. ಕಟ್ಟಿಸಲಿಲ್ಲ, ಅದು ಬೇರೆ ಮಾತು. ಕೇಳುವಾಗ ನನಗೂ ಮೈ ಜುಮ್ಮೆನ್ನುತ್ತಿತ್ತು. ಈಗ ನೆನೆದರೆ ಮೈ ಉರಿಯುತ್ತದೆ.

ಕಾಕಾನಿಗೆ ಮಾತ್ರ ವಕೀಲಸಾಬ ದೇವರ ಸರಿಸಮ. ಅದಕ್ಕೊಂದು ಕಾರಣವನ್ನೂ ಅವನು ಹೇಳುತ್ತಿದ್ದ, ಸಾವಿರ ಸಲ ಹೇಳಿದ್ದ. ನಿಜಾಮನ ಕಡೆಯ ರಜಾಕಾರರು ಹಾವಳಿ ಎಬ್ಬಿಸಿದ ದಿನಗಳಲ್ಲಿ ನಾವು ಹೆದರಿ, ಸರಹದ್ದಿನ ಆಚೆ ಸೋದರತ್ತೆಯ ಊರಿಗೆ ಓಡಿದ್ದೆವು. ಪೊಲೀಸ್ ಆಕ್ಷನ್ ಆಯಿತು, ದಂಡು ಬಂತು, ನಿಜಾಮನ ರಾಜ್ಯ ಮುಳುಗಿತು. ನಾವಿನ್ನೂ ಮರಳಿರಲಿಲ್ಲ. ಆ ಹೊತ್ತಿನಲ್ಲಿ ಮುಸಲ್ಮಾನರ ಮೇಲೆ ಸೇಡಿನ ಗದ್ದಲ ಎದ್ದಿತ್ತು. ನಿಜಕ್ಕೂ ಹಾವಳಿ ಮಾಡಿದ್ದ ಗಂಡಸರು ಎಂದೋ ಓಡಿ ಹೋಗಿದ್ದರು. ಸಿಕ್ಕವರು ಬಳೆ ಮಾರುವವರು, ಅರಳೆ ಹಿಂಜುವವರು. ಔರಾದಿನಲ್ಲಿ ಒಂದು ಗುಂಪು ಬೂಬುವಿನ ಬಾಗಿಲಿಗೂ ಬಂತು. ಗಂಡ ಒಳಗೆ ಅರಳೆಯ ರಾಶಿಯಲ್ಲಿ ಅಡಗಿದ್ದ. ಆಗ ವಕೀಲಸಾಬ ಎಲ್ಲಿಂದಲೋ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತನಂತೆ. ಒಬ್ಬನೇ. ಕೈಯಲ್ಲಿ ಏನೂ ಇಲ್ಲ. ಗುಂಪು ತಿರುಗಿ ಹೋಯಿತಂತೆ.

"ನಾ ಕಣ್ಣಾರೆ ನೋಡೀನಿ ಮಗಳ," ಎನ್ನುತ್ತಿದ್ದ ಕಾಕಾ. "ಹಂಗ ನಿಂತ ಗಂಡಸನ್ನ ನಾ ಮತ್ತ ನೋಡಿಲ್ಲ."

ಆ ಗದ್ದಲದ ನಂತರ ಬೂಬು ಕಾಕಾನ ಕೂಡ ಮಾತು ಬಿಟ್ಟಳು. ಎದುರು ಬದುರು ಬಾಗಿಲು, ನಡುವೆ ಎಂಟು ಹೆಜ್ಜೆಯ ಓಣಿ, ಆದರೂ ತುಟಿ ಎರಡು ಮಾಡುತ್ತಿರಲಿಲ್ಲ. ಕಾಕಾ ಹಬ್ಬಕ್ಕೊಂದು, ಮಳೆಗೊಂದು ಏನಾದರೂ ಕಳಿಸುವನು. ಒಂದು ಸಲ ಹಿತ್ತಲಲ್ಲಿ ಬೆಳೆದ ಕುಂಬಳಕಾಯಿ, ಒಂದು ಸಲ ಸಣ್ಣ ಕಂಬಳಿ. ಅದೂ ನನ್ನ ಕೈಯಲ್ಲೇ. ಬೂಬು ಕಂಬಳಿಯತ್ತ ಕಣ್ಣೆತ್ತಿಯೂ ನೋಡದೆ, "ಬ್ಯಾಡ ಅಂತ ಹೇಳು" ಎಂದು ಬಾಗಿಲು ಹಾಕಿಕೊಂಡಳು. ಎಂಥ ಸೊಕ್ಕು ಈಕೆಯದು ಎಂದುಕೊಂಡೆ. ನೆರೆಯವನು ಪ್ರೀತಿಯಿಂದ ಕೊಟ್ಟಿದ್ದನ್ನು ಹೀಗೆ ತಿರುಗಿ ಕಳಿಸುವುದೇ? ಬೂಬುವಿನ ಮೇಲೆ ನನಗೆ ಬಹಳ ವರ್ಷ ಹಲ್ಲುಕಡಿಯುವಷ್ಟು ಸಿಟ್ಟಿತ್ತು.

ಮೊದಲ ಚುನಾವಣೆ ಬಂತು. ವಕೀಲಸಾಬ ನಿಂತ. ಅವನು ಔರಾದಿಗೆ ಬರುತ್ತಾನೆ ಎಂಬ ಸುದ್ದಿ ಬಂದಾಗಿನಿಂದ ಕಾಕಾ ಬೇರೆ ಕೆಲಸವನ್ನೆಲ್ಲ ಕಟ್ಟಿಟ್ಟು ಒಂದೇ ಕಂಬಳಿಗೆ ಕೂತ. ಮೊದಲ ಸಲ ಕತ್ತರಿಸಿದ ಎಳೆ ಕುರಿಯ ತುಪ್ಪಳ, ಮುಟ್ಟಿದರೆ ಬೆಕ್ಕಿನ ಮರಿಯಂತೆ. ಅಂಚಿಗೆ ಬಿಳಿ ಎಳೆ. ಯಾರಿಗೆ ಎಂದು ಕೇಳಿದರೆ ಮುಖ ತುಂಬ ನಗು.

ಇಲ್ಲಿ ಒಂದು ಮಾತು ತಿಳಿಸಬೇಕು. ಕಾಕಾನ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಗುರುವಿಗೋ ಹಿರಿಯರಿಗೋ ಎಂದು ಹೆಸರು ಹೇಳಿ ಕಂಬಳಿ ಹಾಸಿದರೆ, ಬಂದವರು ಅದರ ಮೇಲೆ ಕೂಡದೆ ಅದನ್ನು ಮಡಚುವಂತಿಲ್ಲ. ಮಡಚಿದರೆ ಬಂದವರನ್ನು ಹೊಸ್ತಿಲಿನಿಂದ ಹೊರಗೆ ದಬ್ಬಿದ ಹಾಗೆ, ಮನೆಗೆ ಏಳಿಗೆ ಇಲ್ಲ. ಬೇಕಾದರೆ ಸುತ್ತಿಡಬಹುದು, ಮಡಚಬಾರದು. ಅದನ್ನು ತುಳಿಯುವುದಂತೂ ಕನಸಿನಲ್ಲೂ ಇಲ್ಲ. ನಮ್ಮ ಮೊಮ್ಮಗ ಮೊನ್ನೆ ಮಾಡಿದನಲ್ಲ, ಹಾಗೆ.

ಚಾವಡಿಯ ಮುಂದೆ ಸಭೆ. ವಕೀಲಸಾಬ ಬಂದ. ಕಾಕಾ ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಅವನ ಹೆಸರು ಹೇಳಿ, ಕಂಬಳಿ ಹಾಸಿ, ಕೈ ಮುಗಿದು ನಿಂತ. ವಕೀಲಸಾಬ ಕಂಬಳಿ ನೋಡಿದ, ಜನರನ್ನು ನೋಡಿದ. ಆ ನೋಟ ನನಗೆ ಇನ್ನೂ ನೆನಪಿದೆ. ಮಾತುಗಾರನಿಗೆ ಒಳ್ಳೆಯ ಮಾತು ಹೊಳೆದಾಗ ಕಣ್ಣು ಹೊಳೆಯುತ್ತದಲ್ಲ, ಅದು.

"ಗಾದಿ ಮ್ಯಾಲ ಕುಂದ್ರೋ ಕಾಲ ಹೋಯ್ತು!" ಎಂದು ದನಿ ಎತ್ತಿದ. "ನಿಜಾಮ ಕುಂತಾನ ಗಾದಿ ಮ್ಯಾಲ, ನಾ ಕುಂದ್ರಂಗಿಲ್ಲ. ಯಾವ ಕೇರಿ, ಯಾವ ಜಾತಿ ಅನ್ನಲಾರದ ಊರಿಗೂರೇ ಈ ಕಂಬಳಿ ಮ್ಯಾಲ ಕುಂದ್ರಲಿ. ಅವತ್ತ ನಾನೂ ಬಂದು ನಿಮ್ಮ ಜೋಡಿ ಕುಂದ್ರತೇನಿ!"

ಏನು ಚಪ್ಪಾಳೆ, ಏನು ಜೈಕಾರ! ನಾನೂ ಅಂಗೈ ಕೆಂಪಾಗುವಂತೆ ಚಪ್ಪಾಳೆ ಹೊಡೆದೆ, ಅದಕ್ಕೆ ಇಂದಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಅವನು ಬರಿ ನೆಲದ ಮೇಲೆ ಕೂತ, ಒಂದು ಲೋಟ ನೀರು ಕುಡಿದ, ಜೀಪು ಹತ್ತಿ ಹೋದ. ಕಂಬಳಿ ಹಾಗೆಯೇ ಬಿದ್ದಿತ್ತು. ಕಾಕಾ ಅದರ ಪಕ್ಕ ನಿಂತು ನೋಡುತ್ತಲೇ ಇದ್ದ. ಅವನಿಗೆ ಅವಮಾನವಾಯಿತು ಎಂದುಕೊಂಡೆ ನಾನು. ಹತ್ತಿರ ಹೋದರೆ, ಕಾಕಾ ಗೇಣು ಹಾಕಿ ಕಂಬಳಿ ಅಳೆಯುತ್ತಿದ್ದ!

"ಸಾಬರು ಅಂದದ್ದು ಖರೇ ಅದ ಮಗಳ. ಊರಿಗೂರೇ ಕುಂದ್ರಬೇಕಂದ್ರ ಇದು ಸಣ್ಣದಾತು."

ಅದು ಭಾಷಣ ಕಾಕಾ, ಹಂಗಂತ ಅವರು ಸುಮ್ಮನ ಅಂದಾರ ಎಂದೆ. ಅಪ್ಪನೂ ಹೇಳಿದ. ಕಾಕಾ ನಮ್ಮಿಬ್ಬರನ್ನೂ ಮರುಕದಿಂದ ನೋಡಿದ, ನಾವೇ ತಿಳಿಗೇಡಿಗಳು ಎಂಬಂತೆ. "ಮಾತ ಅಂದ್ರ ಮಾತ" ಎಂದು ಮಗ್ಗದ ಕುಣಿಗೆ ಇಳಿದ. ಮಾರುವ ಕಂಬಳಿಗಲ್ಲ, ಇದರ ಪಕ್ಕಕ್ಕೆ ಹೊಲಿಯಲು ಇನ್ನೊಂದು ಪಟ್ಟಿಗೆ.

ಹಾಗೆ ಶುರುವಾಯಿತು. ಕುರಿಯ ತುಪ್ಪಳ ಕತ್ತರಿಸಿದಾಗಲೆಲ್ಲ ಒಂದು ಪಟ್ಟಿ. ಅಂಚಿಗೆ ಅಂಚು ಹಚ್ಚಿ ಕಾಕಾ ತಾನೇ ಹೊಲಿಯುವನು. ಮಡಚುವಂತಿಲ್ಲವಲ್ಲ, ಬಿದಿರಿನ ಗಳುವಿಗೆ ಸುತ್ತಿ ಪಡಸಾಲೆಯ ಗೋಡೆಯುದ್ದಕ್ಕೂ ಇಟ್ಟಿದ್ದ. ಸುರುಳಿ ವರ್ಷ ವರ್ಷ ದಪ್ಪವಾಯಿತು. ಮನೆಯಲ್ಲಿ ಕಾಲಿಡಲು ಜಾಗವಿಲ್ಲ. "ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ!" ಎಂದು ಕಾಕಿ ದಿನಕ್ಕೆ ಮೂರು ಹೊತ್ತು ವಕೀಲಸಾಬನ ಹೆಸರಿಗೆ ಶಾಪ ಹಾಕುವಳು. ಪಟ್ಟಿ ಸೇರಿಸಿದಾಗಲೆಲ್ಲ ಕಾಕಾ ಅದನ್ನು ಬೀದಿಯಲ್ಲಿ ಹಾಸಿ, ಕೆಳಗಿನ ಕೇರಿಯವರನ್ನೂ ಕರೆದು, ಎಷ್ಟು ಮಂದಿ ಹಿಡಿಯುತ್ತಾರೆ ಎಂದು ಕೂರಿಸಿ ನೋಡುವನು. ಮೊದಲ ಕಂಬಳಿಯ ಮೇಲೆ ಮಾತ್ರ ಯಾರನ್ನೂ ಕೂರಿಸಲಿಲ್ಲ, ತಾನೂ ಕೂಡಲಿಲ್ಲ. ಅದು ಸಾಬರದು. ಇದನ್ನು ನೋಡಿದ ದೊಡ್ಡ ಮನೆಯವರು, ಕೆಳಗಿನ ಕೇರಿಯವರನ್ನು ಕೂರಿಸಿಕೊಳ್ಳುವವನ ಕೈಯ ಕಂಬಳಿ ನಮಗೆ ಬೇಡ ಎಂದು ಅವನ ಬಾಗಿಲಿಗೆ ಬರುವುದನ್ನೇ ಬಿಟ್ಟರು. ಅಂಗಡಿಯವನು ಮಾತು ಬಿಟ್ಟ. ಬಾವಿಕಟ್ಟೆಯಲ್ಲಿ ಹೆಂಗಸರು ಕಾಕಿಗೆ ಜಾಗ ಕೊಡಲಿಲ್ಲ. ಕಾಕಾ ಕಂಬಳಿ ಹೊತ್ತು ದೂರದ ಸಂತೆಗಳಿಗೆ ಅಲೆದ. ಅಲೆದರೂ, ಚುನಾವಣೆ ಬಂದಾಗಲೆಲ್ಲ ಎಲ್ಲರಿಗಿಂತ ಮೊದಲು ಹೋಗಿ ಸಾಬನಿಗೆ ಓಟು ಹಾಕಿ ಬಂದ.

ಆ ಮಹಾನುಭಾವ? ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರಿದೆವು. ಅವನು ಹೈದರಾಬಾದು ಬಿಟ್ಟು ಬೆಂಗಳೂರು ಹಿಡಿದ. ಯಾರ ವಾಡೆಯ ಮುಂದೆ ನಿಂತು ಕೂಗಿದ್ದನೋ ಅದೇ ವಾಡೆಯಲ್ಲಿ ಊಟ ಮಾಡತೊಡಗಿದ. ಔರಾದಿನ ರಸ್ತೆ ಸರಿಯಿಲ್ಲ ಎಂದು ಔರಾದಿಗೆ ಬರುವುದನ್ನೇ ಬಿಟ್ಟ. ರಸ್ತೆ ಮಾಡಿಸಬೇಕಾದವನು ಯಾರಪ್ಪಾ, ನೀನೇ ಅಲ್ಲವೇ! ಆದರೆ ಎಲ್ಲಿ ಭಾಷಣ ಮಾಡಿದರೂ ಒಂದು ಕಥೆ ಬಿಡುತ್ತಿರಲಿಲ್ಲ: ಔರಾದಿನಲ್ಲಿ ಒಬ್ಬ ತಂಗಿಯ ಬಾಗಿಲಿಗೆ ನಾನು ಅಡ್ಡ ನಿಂತೆ. ಅವನ ಕಡೆಯ ಮಂದಿ ಚುನಾವಣೆಗೊಮ್ಮೆ ಬಂದು ಬೂಬುವನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ, ವೇದಿಕೆ ಹತ್ತಿಸಿ, ಇಳಿಸಿ, ತಂದು ಬಿಡುತ್ತಿದ್ದರು.

ನಾನು ಮದುವೆಯಾಗಿ ಭಾಲ್ಕಿಗೆ ಬಂದು, ಅಲ್ಲೇ ಸಾಲಿಯಲ್ಲಿ ಟೀಚರಾದೆ. ಒಂದು ಚುನಾವಣೆಯ ಹೊತ್ತಿಗೆ ಕಾಕಾ ಎತ್ತಿನ ಗಾಡಿ ಹೂಡಿಕೊಂಡು ನಮ್ಮ ಮನೆಯ ಮುಂದೆ ಬಂದು ಇಳಿದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗಾಡಿಯಲ್ಲಿ ಆ ಸುರುಳಿ, ಎರಡು ತುದಿಯೂ ಗಾಡಿಯ ಹೊರಗೆ ಚಾಚಿಕೊಂಡಿತ್ತು.

"ಸಾಬರು ನಾಳಿ ಭಾಲ್ಕಿಗಿ ಬರ್ತಾರಂತಲ್ಲವ್ವಾ. ಕಂಬಳಿ ಸಾಕಾಗ್ಯದ. ಅವರಿಗಿ ಔರಾದಕ ಬರಲಾಕ ಆಗಂಗಿಲ್ಲ. ಅದಕ ನಾನೇ ತಂದೀನಿ."

ನನಗೆ ಅಳು ಬಂತು, ಸಿಟ್ಟೂ ಬಂತು. ಕಾಕಾ, ಅಂವಗ ನೀವು ಯಾರಂತನೂ ನೆನಪಿರಂಗಿಲ್ಲರಿ ಎಂದು ಬಾಯಿಯ ತನಕ ಬಂದದ್ದನ್ನು ನುಂಗಿ, ಜ್ವಾಳದ ರೊಟ್ಟಿ ಬಡಿಯಲು ಒಳಗೆ ಹೋದೆ.

ಮರುದಿನ ಮುಂಜಾನೆ ಬಯಲಿನಲ್ಲಿ ಹತ್ತು ಮಂದಿ ಸೇರಿ ಅದನ್ನು ಬಿಚ್ಚಿದೆವು. ಬಿಚ್ಚಿದಷ್ಟೂ ಬಿಚ್ಚಿಕೊಳ್ಳುತ್ತಿತ್ತು. ಕಾಕಾ ಮೊದಲ ಕಂಬಳಿಯನ್ನು ವೇದಿಕೆಯ ಮೆಟ್ಟಿಲ ಬುಡಕ್ಕೆ ಬರುವಂತೆ ಹಾಸಿಸಿ, ತಾನು ಪಕ್ಕದ ಬರಿ ನೆಲದ ಮೇಲೆ ಕಾವಲು ಕೂತ. ನಾನು ಅವನ ಹತ್ತಿರ ಕೂತೆ. ಭಾತಂಬ್ರಾದಿಂದ, ಸುತ್ತಲ ಹಳ್ಳಿಗಳಿಂದ ಜನ ಬಂದರು. ನೆಲದ ತುಂಬ ನೆಗ್ಗಿನ ಮುಳ್ಳು. ಮೆತ್ತಗಿನ ಕಂಬಳಿ ಕಂಡದ್ದೇ ಎಲ್ಲರೂ ಒತ್ತೊತ್ತಾಗಿ ಕೂತರು. ಯಾರ ಪಕ್ಕ ಯಾರು ಎಂದು ಕೇಳಲು ಯಾರಿಗೂ ಪುರಸೊತ್ತಿರಲಿಲ್ಲ. ಕಾಕಾ ತಿರುಗಿ ತಿರುಗಿ ನೋಡಿದ. ಕಣ್ಣಲ್ಲಿ ನೀರು.

"ನೋಡವ್ವಾ... ಎಲ್ಲಾರೂ ಕುಂತಾರ."

ವಕೀಲಸಾಬ ಬಂದ. ಮೈ ತುಂಬಿಕೊಂಡಿತ್ತು, ಕೊರಳು ಹಾರದಲ್ಲಿ ಮುಚ್ಚಿ ಹೋಗಿತ್ತು. ಪಕ್ಕದ ಏಣಿಯಿಂದ ಹತ್ತಿ ಮಖಮಲ್ಲಿನ ಕುರ್ಚಿಯಲ್ಲಿ ಕೂತ. ಕಾಕಾ ಎದ್ದು ಕೈ ಮುಗಿದ.

"ಸಾಬರ, ಕಂಬಳಿ ಎಲ್ಲಾರಿಗೂ ಸಾಕಾಗ್ಯದರಿ."

ಅವನು ಕೆಳಗೆ ನೋಡಿ, ಯಾರಿಗಾದರೂ ಮುಗಿಯುವ ಹಾಗೆ ಕೈ ಮುಗಿದು, "ಹಾಂ ಹಾಂ, ಛಲೋ ಆಯ್ತು" ಎಂದು ಪಕ್ಕದವನ ಹತ್ತಿರ ನೀರು ಕೇಳಿದ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಇಡೀ ಸಭೆಗೆ ಕೇಳುವಂತೆ ಹೇಳಿದೆ: ಔರಾದಿನಾಗ ನೀವೇ ಅಂದಿದ್ರಿ, ಎಲ್ಲಾರೂ ಕುಂತ ದಿನ ನಾನೂ ಬಂದು ಕುಂದ್ರತೇನಿ ಅಂತ; ಬರ್ರಿ, ಜಾಗ ಬಿಟ್ಟೀವಿ. ಅವನ ಮಂದಿ ಟೋಪಿ ಸರಿಮಾಡಿಕೊಂಡು ನನ್ನತ್ತ ಬಂದರು. ದೇವರು ಕೊಟ್ಟರೂ ಪೂಜಾರಿ ಕೊಡ. ಇಲ್ಲಿ ದೇವರೂ ಕೊಡುವವನಾಗಿರಲಿಲ್ಲ. "ಭಾಷಣ ಆದ ಮ್ಯಾಲ ಬರ್ತೇನಿ ಟೀಚರ್‌ರ" ಎಂದು ವಕೀಲಸಾಬ ನಕ್ಕ. ಕಾಕಾ ನನ್ನ ಸೆರಗು ಹಿಡಿದು ಎಳೆದ.

"ಕುಂದ್ರು! ನನ್ನ ಮಾನ ಕಳೀಬ್ಯಾಡ."

ಅದೊಂದೇ ಸಲ ಕಾಕಾ ನನ್ನ ಮೇಲೆ ದನಿ ಎತ್ತಿದ್ದು.

ಭಾಷಣ ಅದೇ. ಬಾಗಿಲು, ಗುಂಪು, ಒಬ್ಬನೇ ನಾನು. ಆಮೇಲೆ ವೇದಿಕೆಯಿಂದಲೇ ಕೈ ಚಾಚಿ, ಆ ನನ್ನ ತಂಗಿ ಇಲ್ಲೇ ಇದ್ದಾಳ, ಮ್ಯಾಲ ಬಾ ತಂಗಿ ಎಂದು ಕರೆದ. ಆಗಲೇ ನಾನು ಬೂಬುವನ್ನು ನೋಡಿದ್ದು. ಹೆಂಗಸರ ಕಡೆ ಒಂದು ಕುರ್ಚಿ ಹಾಕಿ ಕೂರಿಸಿದ್ದರು. ಗಂಡ ತೀರಿಕೊಂಡಿದ್ದ, ಬಿಳಿ ಓಢಣಿ ಹೊದ್ದಿದ್ದಳು. ಎದ್ದು ನಿಧಾನವಾಗಿ ಬಂದಳು. ಜನ ದಾರಿ ಬಿಟ್ಟರು. ಮೆಟ್ಟಿಲ ಬುಡಕ್ಕೆ ಬಂದವಳು ಮೆಟ್ಟಿಲು ಹತ್ತಲಿಲ್ಲ. ಚಪ್ಪಲಿ ಬಿಟ್ಟಳು. ಮೊಣಕಾಲು ಹಿಡಿದುಕೊಂಡು ಬಗ್ಗಿ, ಆ ಮೊದಲ ಕಂಬಳಿಯ ನಟ್ಟನಡುವೆ ಕೂತುಬಿಟ್ಟಳು.

ಕಾಕಾ ಅವಳ ಮುಖವನ್ನೇ ನೋಡಿದ. ನಾನೂ.

"ಮ್ಯಾಲ ಬಾರವ್ವಾ, ಜನ ನಿನ್ನ ನೋಡಲಿ" ಎಂದ ವಕೀಲಸಾಬ.

"ಭಾಳ ಸಲ ನೋಡ್ಯಾರ ಸಾಬ. ನಾ ಇಲ್ಲೇ ಛಲೋ ಇದ್ದೀನಿ."

ಜನ ನಕ್ಕರು. ಅವನೂ ನಕ್ಕು ಭಾಷಣ ಮುಂದುವರಿಸಿದ. ಬೂಬು ಕಾಕಾನ ಕಡೆ ತಿರುಗಿದಳು. ಅಷ್ಟು ವರ್ಷಗಳ ಮೇಲೆ ಮೊದಲ ಮಾತು. ಸಣ್ಣ ದನಿ, ನಮ್ಮಿಬ್ಬರಿಗೆ ಮಾತ್ರ ಕೇಳುವಷ್ಟು.

"ಅವತ್ತ ಬಾಗಲಾ ಸಂದಿಯಾಗಿಂದ ನಿನ್ನ ಮಾರಿ ನೋಡೀನಿ ನಾ. ನಿನ್ನ ಕೈಯಾಗಿನ ಬಡಿಗಿ ನೋಡೀನಿ. ಆ ಗುಂಪಿನಾಗ ಎಲ್ಲಾರಕಿಂತ ಮುಂದ ನೀನೇ ಇದ್ದಿ. ಮಾಫ್ ಮಾಡೀನಂತ ತಿಳಕೋಬ್ಯಾಡ, ಮಾಡಿಲ್ಲ. ಆದರ ನಮ್ಮ ಬಾಗಲಾ ಎದುರಿಗಿ ಇದನ್ನ ಹೆಣದ ಗತಿ ಸುತ್ತಿ ಸುತ್ತಿ ಇಟ್ಟೀಯಲ್ಲ, ನೋಡಿ ನೋಡಿ ಬ್ಯಾಸತ್ತೀನಿ. ಕುಂತೀನಿ ನೋಡು. ಇನ್ನ ಮಡಚು."

ಕಾಕಾನ ತಲೆ ಎದೆಗೆ ತಾಗುವಷ್ಟು ಬಗ್ಗಿತ್ತು. ಬೂಬು ಭಾಷಣ ಮುಗಿಯುವ ತನಕ ಅಲ್ಲೇ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿ, ಜೀಪಿನವರನ್ನು ಕಾಯದೆ ಬಸ್ಸಿನ ಕಡೆ ನಡೆದಳು. ವಕೀಲಸಾಬ ಏಣಿಯಿಂದಿಳಿದು ಆಚೆಯಿಂದಾಚೆ ಕಾರು ಹತ್ತಿದ. ಭಾಷಣ ಆದ ಮೇಲೆ ಬರುತ್ತೇನೆ ಎಂದಿದ್ದ. ಬರಲಿಲ್ಲ. ಕಾಕಾ ಆ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಜನ ಎದ್ದ ಮೇಲೆ, ಹೊಲಿಗೆ ಬಿಚ್ಚಿ ಮೊದಲ ಕಂಬಳಿಯನ್ನು ಬೇರೆ ಮಾಡಿದ. ಒಂದು ತುದಿ ನನ್ನ ಕೈಗೆ ಕೊಟ್ಟ. ಇಬ್ಬರೂ ಸೇರಿ ನಾಲ್ಕು ಮಡಿಕೆ ಮಾಡಿದೆವು.

ಗಾಡಿ ಹೂಡುವಾಗ ಕೇಳಿದೆ, ಖರೇ ಏನ್ರಿ ಕಾಕಾ?

"ಖರೇ ಅದ," ಎಂದ.

"ನನ್ನ ಕುರಿ ಎಲ್ಲಾ ಹೊಡಕೊಂಡು ಹೋಗಿದ್ರು ರಜಾಕಾರ್‌ರು. ಒಂದೂ ಬಿಡಲಿಲ್ಲ. ಒಯ್ದಾವರ ಬಾಗಲಾ ನನಗ ಗೊತ್ತಿರಲಿಲ್ಲ. ಇಕಿ ಬಾಗಲಾ ಗೊತ್ತಿತ್ತು. ಬಡಿಗಿ ಎತ್ತಿದ್ದೆ... ಸಾಬರು ಬಂದು ಕಸಕೊಂಡ್ರು. ಕುರಿ ಕಾಯಾವ ನೀ, ಮನಿಗಿ ಹೋಗು ಅಂದ್ರು. ನನ್ನ ಹೆಸರು ಎಲ್ಲೂ ಹೇಳಲಿಲ್ಲ. ಅಂವ ಮುಂದ ಏನರ ಆಗಲಿ ಮಗಳ, ಅವತ್ತ ನನ್ನ ಕೈ ಹಿಡದಾಂವ ಅಂವ."

ಇಷ್ಟು ವರ್ಷ ನನಗ್ಯಾಕ ಹೇಳಲಿಲ್ಲ ಎಂದೆ. ಕಾಕಾ ಎತ್ತಿನ ಬೆನ್ನು ಸವರುತ್ತ ನಿಂತ.

"ಹೇಳಿದ್ರ ನೀ ನಮ್ಮ ಮನಿಗಿ ಬರ್ತಿದ್ದೆ ಏನ?"

ನಾನು ಉತ್ತರ ಕೊಡಲಿಲ್ಲ. ಕೊಡಬೇಕಿತ್ತು. ಬರ್ತಿದ್ದೆ ಕಾಕಾ ಎಂದು ಸುಳ್ಳಾದರೂ ಹೇಳಬೇಕಿತ್ತು. ಗಾಡಿ ಹೋಯಿತು. ಆಮೇಲೆ ನಾನು ತವರಿಗೆ ಹೋದಾಗ ಅವನ ಬಾಗಿಲಿಗೆ ಹೋಗಲಿಲ್ಲ. ಮೊದಲ ಸಲ ತಲೆನೋವು ಎಂದೆ. ಎರಡನೆಯ ಸಲ ಬಸ್ಸಿಗೆ ಹೊತ್ತಾಯಿತು ಎಂದೆ. ಗೋಡೆಯ ಆಚೆ ಮಗ್ಗದ ಸಪ್ಪಳ ಕೇಳುತ್ತಿತ್ತು, ನಾನು ಬಂದ ಸುದ್ದಿ ಕೇಳಿ ಅದು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು... ಕಾಯುತ್ತಿದ್ದನೇನೋ. ನಾನು ಹೋಗಲಿಲ್ಲ. ವಕೀಲಸಾಬನಿಗೆ ಅಷ್ಟೆಲ್ಲ ಬೈದೆನಲ್ಲ, ಹಾಸಿದ ಕಂಬಳಿಯ ಮೇಲೆ ಕೂಡಲಿಲ್ಲ ಎಂದು. ನಾನೇನು ಮಾಡಿದೆ?

ಕಾಕಾ ಸತ್ತ ಸುದ್ದಿ ನನಗೆ ಕಾಗದದಲ್ಲಿ ಬಂತು. ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಕಿ ನನ್ನನ್ನು ಬೈಯಲಿಲ್ಲ, ಅದೇ ದೊಡ್ಡ ಬೈಗುಳ. ಕೊನೆಯ ಚುನಾವಣೆಯಲ್ಲೂ ಕಾಕಾನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೋಗಿ ಸಾಬನಿಗೇ ಓಟು ಹಾಕಿಸಿದರಂತೆ. ಸಾಬ ಠೇವಣಿ ಕಳೆದುಕೊಂಡ ಚುನಾವಣೆ ಅದು. ಆ ನಾಲ್ಕು ಮಡಿಕೆಯ ಕಂಬಳಿ ಎಲ್ಲಿ ಎಂದು ಕೇಳಿದೆ. ನಾ ಸತ್ತ ಮ್ಯಾಲ ಬೂಬುನ ಹೊಸ್ತಿಲ ಮುಂದ ಇಟ್ಟು ಬರ್ರಿ ಎಂದಿದ್ದನಂತೆ. ಇಟ್ಟು ಬಂದಿದ್ದರು.

"ತಿರುಗಿ ಬಂತೇನ್ರಿ ಕಾಕಿ?"

"ಇಲ್ಲವ್ವಾ," ಎಂದಳು. "ಈ ಸಲ ಬರಲಿಲ್ಲ."

ಈಗ ಅವರು ಯಾರೂ ಇಲ್ಲ. ಆ ಓಣಿಯಲ್ಲಿ ಮಗ್ಗವಿಲ್ಲ, ಹಿಂಜುವ ಬಿಲ್ಲೂ ಇಲ್ಲ. ಹುಣಸೆ ಬೀಜದ ಗಂಜಿಯ ವಾಸನೆ ಏನೆಂದು ಬಲ್ಲವಳು ಈ ಮನೆಯಲ್ಲಿ ನಾನೊಬ್ಬಳೇ.

ನಿನ್ನೆ ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ ಬಾಗಿಲಿಗೆ ಬಂದೆ. ಗೋಡೆ ಹಿಡಿದು, ಒಂದೊಂದೇ ಮೊಣಕಾಲು ಬಗ್ಗಿಸಿ, ಆ ಕಾಲೊರೆಸಿನ ಮೇಲೆ ಕೂತೆ. ಒದ್ದೆ ಇತ್ತು, ಸೀರೆಗೆ ಕೆಸರಾಯಿತು. ಬಂದೀನಿ ಕಾಕಾ, ತಡ ಆತು ಎಂದೆ, ಬಾಯಿಬಿಟ್ಟೇ ಹೇಳಿದೆ. ಸಂಜೆ ಮೊಮ್ಮಗನ ಹೆಂಡತಿ ಬಂದವಳು ನೋಡಿ, ಆಯಿ ಬಿದ್ದಾಳ ಎಂದು ಕಿರುಚಿಕೊಂಡಳು. ಬಿದ್ದಿಲ್ಲವ್ವಾ, ಕುಂತೀನಿ ಎಂದೆ. ಅವಳ ಕೈ ಹಿಡಿದು ಎದ್ದು, ಕಂಬಳಿ ಜಾಡಿಸಿ, ಮಡಚಿ, ನನ್ನ ಪೆಟ್ಟಿಗೆಯಲ್ಲಿಟ್ಟೆ. ಕಾಲು ಒರೆಸಿಕೊಳ್ಳಲು ಅವರು ಗೋಣಿಚೀಲ ಹಾಕಿಕೊಳ್ಳಲಿ.